ಕುತ್ತಿಗೆಯ ಗಂಟಿನೊಳಗೆ ವಿಕಾಸದ ಓಟ

ಗಂಟಲು ಕೆಟ್ಟು ನಾಲ್ಕಾರು ದಿನವಾಗಿರುತ್ತದೆ. ದವಡೆಯ ಕೆಳಗೆ ಬೆರಳಾಡಿಸಿದರೆ ಅಲ್ಲೊಂದು ಗಂಟು, ಒತ್ತಿದರೆ ನೋವು. ಹೆದರಿ ಸೂಜಿ ಪರೀಕ್ಷೆ ಮಾಡಿಸಿದರೆ ವರದಿಯಲ್ಲಿ ‘ರಿಯಾಕ್ಟಿವ್’, ಅಂದರೆ ಸೋಂಕಿಗೆ ಮೈ ತೋರಿದ ಪ್ರತಿಕ್ರಿಯೆ, ಎಂದಿರುತ್ತದೆ. ಡಾಕ್ಟರು ‘ಏನೂ ಇಲ್ಲ ಬಿಡಿ’ ಅನ್ನುತ್ತಾರೆ. ಏನೂ ಇಲ್ಲವೆ! ಜೀವಿಗಳ ವಿಕಾಸ ಲಕ್ಷಾಂತರ ವರ್ಷ ತೆಗೆದುಕೊಂಡು ಮಾಡುವ ಕೆಲಸ, ರೂಪಾಂತರ ಮತ್ತು ಆಯ್ಕೆ, ಆ ಗಂಟಿನೊಳಗೆ ಈಗ ವಾರಗಳಲ್ಲಿ ನಡೆಯುತ್ತಿದೆ. ಅದೂ ಮಿಲಿಮೀಟರಿಗಿಂತ ಚಿಕ್ಕ ಜಾಗದಲ್ಲಿ!

ಆ ಗಂಟು ಊದಿಕೊಂಡ ದುಗ್ಧಗ್ರಂಥಿ. ನಮ್ಮ ಮೈಯಲ್ಲಿ ಅಂಥವು ಸುಮಾರು 600 ಇವೆ. ಅವುಗಳ ಹೊರ ಅಂಚಿನಲ್ಲಿ ಫಾಲಿಕಲ್ ಎಂಬ ದುಂಡನೆಯ ಗುಂಪುಗಳು. ಶಾಂತವಾಗಿದ್ದಾಗ ಅಲ್ಲಿರುವುದು ಬಹುಪಾಲು ಒಂದೇ ಅಳತೆಯ, ಪ್ರತಿಕಾಯ ತಯಾರಿಸಬಲ್ಲ ಪುಟ್ಟ ಬಿ ಕೋಶಗಳು. ರೋಗಾಣುವಿನ ಚೂರು ದುಗ್ಧರಸದಲ್ಲಿ ತೇಲಿ ಬಂದು, ಯಾವುದೋ ಕೆಲವು ಬಿ ಕೋಶಗಳಿಗೆ ಅದು ಅಷ್ಟಿಷ್ಟು ಹೊಂದಿಕೊಂಡರೆ ಸಾಕು. ಅವು ಫಾಲಿಕಲ್‌ನ ಗಡಿಗೆ ಹೋಗಿ ಟಿ ಕೋಶಗಳ ಒಪ್ಪಿಗೆ ಪಡೆದು ಮರಳುತ್ತವೆ. ವಾರದೊಳಗೆ ಫಾಲಿಕಲ್‌ನ ನಡುವೆ ಹೊಸದೊಂದು ಲೋಕ ಉಬ್ಬಿ ನಿಲ್ಲುತ್ತದೆ. ಹಳೆಯ ಕೋಶಗಳು ಸುತ್ತಲೂ ಉಂಗುರವಾಗಿ ಒತ್ತರಿಸಿಕೊಳ್ಳುತ್ತವೆ.

ಇದನ್ನು ಜರ್ಮಿನಲ್ ಸೆಂಟರ್ ಎಂದು ಗುರುತಿಸಿದವರು ಜರ್ಮನಿಯ ಕೀಲ್ ನಗರದಲ್ಲಿದ್ದ ವಾಲ್ಟರ್ ಫ್ಲೆಮಿಂಗ್. ಕೋಶವಿಭಜನೆಯನ್ನು ಕಣ್ಣಾರೆ ಕಂಡು ಬರೆದಿಟ್ಟ ಮಹಾಶಯರೇ ಅವರು. 1880ರ ದಶಕದಲ್ಲಿ ಇಲ್ಲಿ ಇಣುಕಿದಾಗ ಎಲ್ಲೆಲ್ಲೂ ವಿಭಜಿಸುತ್ತಿರುವ ಕೋಶಗಳು! ಬಿಳಿ ರಕ್ತಕಣಗಳು ಹುಟ್ಟುವುದೇ ಇಲ್ಲಿ ಅಂದುಕೊಂಡರು. ನಿಜ ಅದಕ್ಕಿಂತ ವಿಚಿತ್ರವಾಗಿತ್ತು.

ಈ ಕೇಂದ್ರಕ್ಕೆ ಎರಡು ಭಾಗ. ಕೋಶಗಳು ಕಿಕ್ಕಿರಿದು ಗಾಢವಾಗಿ ಕಾಣುವ ಕಡೆ, ಬಿ ಕೋಶಗಳು 6ರಿಂದ 12 ಗಂಟೆಗೊಮ್ಮೆ ಎರಡಾಗುತ್ತವೆ. ಆಗಲೇ ನಡೆಯುತ್ತದೆ ನಂಬಲಾಗದ ಸಂಗತಿ. ಮೈಯ ಉಳಿದ ಕೋಶಗಳೆಲ್ಲ ಡಿಎನ್‌ಎಯಲ್ಲಿ ಒಂದಕ್ಷರವೂ ತಪ್ಪದಂತೆ ಹೆಣಗುತ್ತಿದ್ದರೆ, ಇವು ಬೇಕೆಂದೇ ತಪ್ಪು ಬರೆದುಕೊಳ್ಳುತ್ತವೆ! ಪ್ರತಿಕಾಯ ತಯಾರಿಸುವ ವಂಶವಾಹಿಯ ಮೇಲೆ ಎಐಡಿ ಎಂಬ ಕಿಣ್ವವನ್ನು ಛೂ ಬಿಡುತ್ತವೆ. ಜಪಾನಿನ ತಾಸುಕು ಹೊಂಜೊ ಅವರ ತಂಡ 1999ರಲ್ಲಿ ಪತ್ತೆ ಮಾಡಿದ ಈ ಕಿಣ್ವದಿಂದಾಗಿ ವಿಭಜನೆಗೊಮ್ಮೆ ಸುಮಾರು ಸಾವಿರ ಅಕ್ಷರಕ್ಕೊಂದು ತಪ್ಪು ನುಸುಳುತ್ತದೆ. ಮಾಮೂಲಿ ವೇಗದ ಹತ್ತು ಲಕ್ಷ ಪಟ್ಟು!

ತಪ್ಪುಗಳಲ್ಲಿ ಬಹುಪಾಲು ಕೆಲಸಕ್ಕೆ ಬಾರದವು. ಎಲ್ಲೋ ಒಂದು ಮಾತ್ರ ರೋಗಾಣುವನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿಯುವ ಪ್ರತಿಕಾಯ ಕೊಡುತ್ತದೆ. ಅದನ್ನು ಆರಿಸುವುದು ಪಕ್ಕದ ತಿಳಿ ಭಾಗದಲ್ಲಿ. ಇದು ಥೇಟ್ ಗರಡಿಮನೆ. ಕವಲು ಕವಲಾಗಿ ಚಾಚಿದ ಫಾಲಿಕ್ಯುಲರ್ ಡೆಂಡ್ರಿಟಿಕ್ ಕೋಶಗಳು ರೋಗಾಣುವಿನ ಚೂರುಗಳನ್ನು ಹಿಡಿದು ನಿಂತಿರುತ್ತವೆ, ಬಿ ಕೋಶ ಅದನ್ನು ಕಿತ್ತುಕೊಳ್ಳಬೇಕು. ಕಿತ್ತದ್ದನ್ನು ಟಿ ಕೋಶಕ್ಕೆ ತೋರಿಸಬೇಕು. ಹೆಚ್ಚು ಕಿತ್ತವಕ್ಕೆ ಹೆಚ್ಚು ಸಹಾಯ, ಮತ್ತೆ ಗಾಢ ಭಾಗಕ್ಕೆ ಹೋಗಿ ವಿಭಜಿಸುವ ಅವಕಾಶ. ಸೋತವಕ್ಕೆ? ಸಾವು. ಬದುಕಿಸುವ ಬಿಸಿಎಲ್-2 ಪ್ರೋಟೀನನ್ನು ಈ ಕೋಶಗಳು ಮೊದಲೇ ನಂದಿಸಿಟ್ಟಿರುತ್ತವೆ. ಇಲಿಗಳಲ್ಲಿ ಲೆಕ್ಕ ಹಾಕಿದಾಗ, ಪ್ರತಿ ಆರು ಗಂಟೆಗೆ ಹತ್ತಿರಹತ್ತಿರ ಅರ್ಧದಷ್ಟು ಬಿ ಕೋಶಗಳು ಸಾಯುತ್ತಿದ್ದವು!

ಈ ಆಯ್ಕೆಯನ್ನು ಬಣ್ಣದಲ್ಲಿ ನೋಡಿದವರಿದ್ದಾರೆ. ಅಮೆರಿಕದ ವೈಟ್‌ಹೆಡ್ ಸಂಸ್ಥೆಯಲ್ಲಿ ಗೇಬ್ರಿಯಲ್ ವಿಕ್ಟೋರಾ ಅವರ ತಂಡ ಇಲಿಯ ಬಿ ಕೋಶಗಳಿಗೆ ಬೇರೆ ಬೇರೆ ಬಣ್ಣ ಹೊತ್ತಿಸಿ 2016ರಲ್ಲಿ ಪ್ರಕಟಿಸಿದ ಚಿತ್ರಗಳನ್ನು ನೋಡಬೇಕು. ಮೊದಲಿಗೆ ಹತ್ತಾರು, ಕೆಲವೊಮ್ಮೆ ನೂರಾರು ವಂಶಗಳು ಬೆರೆತ ಬಣ್ಣದ ಸಂತೆ. ದಿನ ಕಳೆದಂತೆ ಕೆಲವು ಕೇಂದ್ರಗಳು ಪೂರ್ತಿ ಒಂದೇ ಬಣ್ಣ! ಗೆದ್ದ ಒಂದೇ ಕೋಶದ ಮಕ್ಕಳು, ಮೊಮ್ಮಕ್ಕಳು.

ಸತ್ತವನ್ನು ಎತ್ತುವವರಾರು? ಜರ್ಮಿನಲ್ ಸೆಂಟರ್‌ಗಳಲ್ಲಿ ಬಣ್ಣ ಹೀರಿದ ಚೂರುಗಳನ್ನು ಫ್ಲೆಮಿಂಗ್ 1885ರಲ್ಲೇ ಕಂಡಿದ್ದರು. ಅವು ಮ್ಯಾಕ್ರೋಫೇಜ್ ಎಂಬ ನುಂಗುಕೋಶಗಳ ಹೊಟ್ಟೆಯಲ್ಲಿದ್ದ ಸತ್ತ ಬಿ ಕೋಶಗಳ ತುಣುಕು. ಹಾಗಾದರೆ ಈ ಮ್ಯಾಕ್ರೋಫೇಜ್‌ಗಳು ಹೆಣ ಹುಡುಕುತ್ತ ಓಡಾಡುತ್ತಿರಬೇಕಲ್ಲವೆ? ಇಲ್ಲ! ಸಿಡ್ನಿಯ ಗಾರ್ವನ್ ಸಂಸ್ಥೆಯವರು ಜೀವಂತ ಇಲಿಯ ಗ್ರಂಥಿಯೊಳಗೆ ನೋಡಿ 2023ರಲ್ಲಿ ತಿಳಿಸಿದ ಪ್ರಕಾರ, ಇವು ಕೂತಲ್ಲಿಂದ ಕದಲುವುದಿಲ್ಲ. ಕೈ ಚಾಚಿ, ಹತ್ತಿರ ಸುಳಿದ ತುಣುಕನ್ನು ಬಾಚಿಕೊಳ್ಳುತ್ತವೆ. ಸೋಮಾರಿತನವೇ ತಂತ್ರ.

ಗಂಟನ್ನೇ ತೆಗೆದು ಸೂಕ್ಷ್ಮದರ್ಶಕದಡಿ ಇಟ್ಟಾಗ ಪೆಥಾಲಜಿಸ್ಟ್ ಹುಡುಕುವುದೂ ಇದನ್ನೇ: ಗಾಢ–ತಿಳಿ ಎಂಬ ಎರಡು ಭಾಗ, ಸುತ್ತಲಿನ ಉಂಗುರ, ತುಣುಕು ನುಂಗಿದ ಮ್ಯಾಕ್ರೋಫೇಜ್. ಫಾಲಿಕ್ಯುಲರ್ ಲಿಂಫೋಮಾ ಎಂಬ ಕ್ಯಾನ್ಸರಿನಲ್ಲಿ ಈ ವ್ಯವಸ್ಥೆ ಕಲಸಿಹೋಗಿರುತ್ತದೆ, ಹೆಚ್ಚಿನ ರೋಗಿಗಳಲ್ಲಿ ಬಿಸಿಎಲ್-2 ಆರದೆ ಉರಿಯುತ್ತಿರುತ್ತದೆ. ಸಾಯಬೇಕಾದವು ಸಾಯುವುದಿಲ್ಲ. (ವಾರಗಟ್ಟಲೆ ಕರಗದ ಗಂಟನ್ನು ತೋರಿಸಿಕೊಳ್ಳಲೇಬೇಕು. ನಮ್ಮಲ್ಲಿ ಕ್ಷಯವೂ ಹೀಗೆ ಕುತ್ತಿಗೆಯಲ್ಲಿ ಬಂದು ಕೂರುವುದುಂಟು.)

ಇಲಿಯ ಮಾತಾಯಿತು, ಮನುಷ್ಯರಲ್ಲಿ? ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಅಲಿ ಎಲ್ಲೆಬೆಡಿ ಅವರ ತಂಡ, ಕೋವಿಡ್‌ನ ಎಂಆರ್‌ಎನ್‌ಎ ಲಸಿಕೆ ಹಾಕಿಸಿಕೊಂಡವರ ಕಂಕುಳ ಗ್ರಂಥಿಗೆ ಮತ್ತೆ ಮತ್ತೆ ಸೂಜಿ ಚುಚ್ಚಿ ನೋಡಿತು. ಎರಡನೇ ಡೋಸಾಗಿ 12 ವಾರ ಕಳೆದರೂ ಜರ್ಮಿನಲ್ ಸೆಂಟರ್‌ಗಳು ಬಿಡುವಿಲ್ಲದೆ ದುಡಿಯುತ್ತಿದ್ದವು! ಕೆಲವರಲ್ಲಿ ಆರು ತಿಂಗಳವರೆಗೂ. ತೋಳಿನ ನೋವು ಎಂದೋ ಮರೆತುಹೋಗಿತ್ತು. ಆರು ತಿಂಗಳಿಗೆ ಮೂಳೆಮಜ್ಜೆಯಲ್ಲಿ ಸಿಕ್ಕ ಕೋಶಗಳ ಪ್ರತಿಕಾಯಗಳು, ಮೊದಲ ವಾರಗಳಲ್ಲಿ ರಕ್ತದಲ್ಲಿ ಕಂಡವಕ್ಕಿಂತ ಬಿಗಿಯಾಗಿ ವೈರಸ್ಸನ್ನು ಹಿಡಿಯುತ್ತಿದ್ದವು.