ನಿಮಗಿದು ಗೊತ್ತೆ? 50 ಗುಂಡು, ಒಂದೇ ಪುಟ್ಟ ವೃತ್ತ

ಮುನ್ನೂರು ಮೀಟರ್ ದೂರದಲ್ಲಿ 80 ಮಿಲಿಮೀಟರ್ ಅಗಲದ ಒಂದು ವೃತ್ತ. ಕ್ರಿಕೆಟ್ ಚೆಂಡಿಗಿಂತ ತುಸುವೇ ದೊಡ್ಡದು. 50 ಗುಂಡು ಹಾರಿಸಿದರೆ ಐವತ್ತೂ ಅದರೊಳಗೇ ಬೀಳಬೇಕು! ಜರ್ಮನಿಯ ಹೆಕ್ಲರ್ ಅಂಡ್ ಕೋಖ್ ಕಂಪನಿ ತನ್ನ ಪಿಎಸ್‌ಜಿ-1 ರೈಫಲ್‌ಗೆ ಇಟ್ಟ ಪರೀಕ್ಷೆ ಇದು.

ಈ ರೈಫಲ್‌ನ ಹಿಂದೆ ಒಂದು ದುರಂತವಿದೆ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಇಸ್ರೇಲ್ ತಂಡದ 11 ಮಂದಿ ಉಗ್ರರಿಗೆ ಬಲಿಯಾದರು. ಉಗ್ರರು ಒತ್ತೆಯಾಗಿ ಹಿಡಿದಿದ್ದವರನ್ನು ಬಿಡಿಸಲು ವಿಮಾನ ನಿಲ್ದಾಣದಲ್ಲಿ ಕಾದಿದ್ದ ಗುರಿಕಾರರು ಐವರು, ಉಗ್ರರು ಎಂಟು ಮಂದಿ. ಪೊಲೀಸರ ರೈಫಲ್‌ಗಳಿಗೆ ದೂರದರ್ಶಕವೂ ಇರಲಿಲ್ಲ.

ನಿಖರತೆಗೆ ಹೆಸರಾದದ್ದು ಪ್ರತಿ ಗುಂಡಿಗೂ ಕೈಯಿಂದ ಬೋಲ್ಟ್ ಎಳೆಯುವ ರೈಫಲ್. ಅದರಲ್ಲಿ ಅಲುಗಾಡುವ ಭಾಗಗಳು ಕಡಿಮೆ. ಆದರೆ ಎದುರಿಗೆ ಹಲವರಿದ್ದಾಗ ಎರಡನೇ ಗುಂಡು ತಡವಾದರೆ ಒತ್ತೆಯಾಳಿನ ಜೀವವೇ ಹೋದೀತು. ಮುಂದಿನ ಗುಂಡು ತಾನೇ ತುಂಬಿಕೊಳ್ಳುವ ಸೆಮಿ ಆಟೊಮ್ಯಾಟಿಕ್‌ನಲ್ಲಿ ಗುರಿಯಿಂದ ಕಣ್ಣು ಕದಲಿಸಬೇಕಿಲ್ಲ, ಟ್ರಿಗರ್ ಒತ್ತಿದರೆ ಸಾಕು. ಹಾಗಾಗಿ ಪಿಎಸ್‌ಜಿ-1ಕ್ಕೆ ಸೈನಿಕರ ಜಿ-3 ರೈಫಲ್‌ನ ಯಂತ್ರವನ್ನೇ ಆಧಾರವಾಗಿಟ್ಟುಕೊಂಡು ಭಾರವಾದ ನಳಿಗೆ, ಹೊಂದಿಸಿಕೊಳ್ಳಬಹುದಾದ ಹಿಡಿಕೆ, ಆರು ಪಟ್ಟು ಹಿಗ್ಗಿಸಿ ತೋರಿಸುವ ದೂರದರ್ಶಕ ಸೇರಿಸಲಾಯಿತು.

ತೂಕ ಏಳು ಕಿಲೋಗೂ ಹೆಚ್ಚು. ಹೊತ್ತು ಓಡಾಡುವುದು ಕಷ್ಟ.

ಇನ್ನೊಂದು ತೊಡಕು: ಖಾಲಿ ತೋಟಾ ಸುಮಾರು 10 ಮೀಟರ್ ದೂರಕ್ಕೆ ಚಿಮ್ಮುತ್ತದೆ. ಪೊಲೀಸರಿಗೆ ಅದು ಚಿಂತೆಯಲ್ಲ. ಅಡಗಿ ಕುಳಿತ ಸೈನಿಕನಿಗಾದರೋ ತನ್ನ ಜಾಗವೇ ಬಯಲಾಗುವ ಭಯ.