ಸುಳ್ಳು ಪತ್ತೆ ಯಂತ್ರ ಹುಡುಕೋದು ಏನನ್ನು?

ಸಿನಿಮಾದಲ್ಲಿ ನಾವೆಲ್ಲ ನೋಡಿರ್ತೀವಿ. ಆರೋಪಿಯ ಎದೆಗೆ ಬೆಲ್ಟು, ತೋಳಿಗೆ ಬಿ.ಪಿ. ಪಟ್ಟಿ, ಬೆರಳಿಗೆ ವೈರು. ಸುಳ್ಳು ಹೇಳಿದ ಕೂಡಲೇ ಸೂಜಿ ಜಿಗಿಯುತ್ತೆ. ನಿಜ ಹೇಳಬೇಕಂದ್ರೆ ಪಾಲಿಗ್ರಾಫ್‌ಗೆ ಸುಳ್ಳು ಯಾವುದು ಅಂತ ಗೊತ್ತೇ ಆಗೋದಿಲ್ಲ. ಅದು ಅಳೆಯುವುದು ಉಸಿರಾಟ, ರಕ್ತದೊತ್ತಡ, ನಾಡಿ, ಬೆರಳಿನ ಬೆವರು, ಇಷ್ಟನ್ನೇ. ಹೆದರಿದ ನಿರಪರಾಧಿಗೂ ಎದೆ ಹೊಡ್ಕೊಳ್ಳುತ್ತೆ. ವೈವಾ ದಿನ ನಮಗೆ ಆಗಲ್ವಾ?

ಅಮೆರಿಕದ ಮನಶ್ಶಾಸ್ತ್ರಜ್ಞ ಡೇವಿಡ್ ಲಿಕನ್ 1959ರಲ್ಲಿ ಬೇರೊಂದು ದಾರಿ ತೋರಿಸಿದರು. ಸುಳ್ಳನ್ನು ಬಿಟ್ಟು ನೆನಪನ್ನು ಹುಡುಕುವ ದಾರಿ ಅದು. ನಮ್ಮ ಮಸ್ಕತ್‌ನ ಮತ್ರಾ ಸೂಕ್‌ನಲ್ಲೇ ಒಂದು ಕಳವಾಯಿತು ಎಂದಿಟ್ಟುಕೊಳ್ಳಿ. ಹೋಗಿದ್ದು ಬೆಳ್ಳಿಯ ಖಂಜರ್. ಇದು ಪೊಲೀಸರಿಗೆ, ಅಂಗಡಿಯವರಿಗೆ, ಕದ್ದವನಿಗೆ ಮಾತ್ರ ಗೊತ್ತು. "ಕಳುವಾಗಿದ್ದು ಸರವೇ? ಬಳೆಯೇ? ಖಂಜರೇ? ಉಂಗುರವೇ? ಗಡಿಯಾರವೇ?" ಎಂದು ಒಂದೊಂದಾಗಿ ಕೇಳುತ್ತಾರೆ. ವಿಷಯ ತಿಳಿಯದವನಿಗೆ ಐದೂ ಒಂದೇ. ಕದ್ದವನು ಬಾಯಲ್ಲಿ "ಗೊತ್ತಿಲ್ಲ" ಅಂದರೂ ಖಂಜರಿನ ಹೆಸರು ಕಿವಿಗೆ ಬಿದ್ದಾಗ ಮನಸ್ಸು ಗುರುತು ಹಿಡಿಯುತ್ತೆ, ಬೆರಳು ಬೆವರುತ್ತೆ. ಇಂಥ ಐದು ಪ್ರಶ್ನೆ, ಒಂದೊಂದಕ್ಕೆ ಐದು ಆಯ್ಕೆ ಇದ್ದರೆ, ಏನೂ ತಿಳಿಯದವನ ದೇಹ ಐದರಲ್ಲೂ ಸರಿಯುತ್ತರಕ್ಕೇ ಹೆಚ್ಚು ಸ್ಪಂದಿಸುವ ಆಕಸ್ಮಿಕ 3,125ರಲ್ಲಿ ಒಂದು ಸಲ. ಜಪಾನಿನ ಪೊಲೀಸರು ಬಳಸೋದು ಈ ಬಗೆಯ ಪರೀಕ್ಷೆಯನ್ನೇ.

ಆದರೆ ನೆನಪು ಸಿಸಿಟಿವಿ ಅಲ್ಲವಲ್ಲ! ಕತ್ತಲಲ್ಲಿ, ಗಾಬರಿಯಲ್ಲಿ ಕದ್ದವನು ಬಾಗಿಲಿನ ಬಣ್ಣವನ್ನು ಗಮನಿಸದೇ ಇದ್ದರೆ ಅದು ಅವನ ತಲೆಯೊಳಗೆ ಸೇರಿರೋದೇ ಇಲ್ಲ. ಆ ಪ್ರಶ್ನೆ ದಂಡ. ತಿಂಗಳುಗಳು ಉರುಳಿದರೆ ಸಣ್ಣಪುಟ್ಟ ವಿವರಗಳು ಮಾಸಿಹೋಗುತ್ತವೆ. ನಮಗೆ ಇದಕ್ಕಿಂತ ಭಯ ಹುಟ್ಟಿಸುವುದು ಇನ್ನೊಂದು. "ಖಂಜರ್ ಹೋಯ್ತಂತೆ" ಅನ್ನೋ ಸುದ್ದಿ ವಾಟ್ಸಾಪ್‌ನಲ್ಲಿ ಹರಿದಾಡಿದರೆ, ಅಥವಾ ವಿಚಾರಣೆ ಮಾಡುವವರೇ ಮೊದಲು ಬಾಯಿಬಿಟ್ಟರೆ, ನಿರಪರಾಧಿಯ ನೆನಪಿಗೂ ಅದು ಸೇರಿಬಿಡುತ್ತೆ. 'ಇವನಿಗೆ ಇದು ಗೊತ್ತು' ಎಂಬುದನ್ನಷ್ಟೇ ಯಂತ್ರ ಸೂಚಿಸಬಲ್ಲದು. ಹೇಗೆ ಗೊತ್ತಾಯಿತು ಅನ್ನೋದು ಆ ಗೆರೆಗಳಲ್ಲಿ ಇರೋದಿಲ್ಲ.

"ತಪ್ಪು ಮಾಡಿಲ್ಲ ಅಂದ್ರೆ ಟೆಸ್ಟಿಗೆ ಯಾಕ್ರೀ ಹೆದರಬೇಕು?" ಅಂತ ಊರಲ್ಲಿ ಸುಲಭವಾಗಿ ಕೇಳಿಬಿಡ್ತಾರೆ. ಈ ವಿಷಯದಲ್ಲಿ ಭಾರತದ ದೊಡ್ಡ ತೀರ್ಪಿನ ಹೆಸರಲ್ಲೇ ನಮ್ಮ ರಾಜ್ಯವಿದೆ: ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ. 2010ರ ಮೇ 5ರಂದು ಮುಖ್ಯ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಅವರಿದ್ದ ಮೂವರ ಪೀಠ, ಪಾಲಿಗ್ರಾಫ್, ಮಂಪರು ಪರೀಕ್ಷೆ, ಮೆದುಳಿನ ಪರೀಕ್ಷೆ ಯಾವುದನ್ನೂ ಬಲವಂತದಿಂದ ಮಾಡುವಂತಿಲ್ಲ ಎಂದಿತು. ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಯಾರನ್ನೂ ಒತ್ತಾಯಿಸಬಾರದು ಎನ್ನುತ್ತದೆ ಸಂವಿಧಾನದ 20(3)ನೇ ವಿಧಿ. ಬಾಯಿ ಮುಚ್ಚಿಕೊಂಡಿದ್ದರೂ, ದೇಹದ ಸ್ಪಂದನದ ಮೂಲಕ ಒಬ್ಬರ ಮನಸ್ಸಿನಲ್ಲಿರುವ ತಿಳಿವಳಿಕೆಯನ್ನು ಹೊರತೆಗೆದರೆ ಅದೂ ಹೇಳಿಕೆ ಪಡೆದ ಹಾಗೆಯೇ ಎಂಬುದು ನ್ಯಾಯಾಲಯದ ತರ್ಕ. ಅಂದರೆ ನೆನಪಿಗೂ ಸುಮ್ಮನಿರುವ ಹಕ್ಕು ಸಿಕ್ಕಿತು ಅನ್ನಬಹುದು.

ತಾವಾಗಿಯೇ ಒಪ್ಪಿದರೆ ಪರೀಕ್ಷೆ ಮಾಡಬಹುದು. ಆಗಲೂ ವಕೀಲರ ನೆರವು ಸಿಗಬೇಕು, ಸಮ್ಮತಿ ಮ್ಯಾಜಿಸ್ಟ್ರೇಟರ ಮುಂದೆ ದಾಖಲಾಗಬೇಕು. ಇಷ್ಟೆಲ್ಲ ಆದ ಮೇಲೂ ಆ ಫಲಿತಾಂಶವೊಂದೇ ಸಾಕ್ಷ್ಯವಾಗೋದಿಲ್ಲ. ಅದರ ಜಾಡು ಹಿಡಿದು ಹೋಗಿ ಕಳುವಾದ ಮಾಲು ಎಲ್ಲಾದರೂ ಸಿಕ್ಕಿದರೆ, ಆ ಮಾಲನ್ನು ನ್ಯಾಯಾಲಯ ಸಾಕ್ಷ್ಯವಾಗಿ ಒಪ್ಪಬಹುದು.