ಇಂಜಿನ್ನಿನ ಹಳದಿ ದೀಪ ಹೊತ್ತಿಕೊಂಡಾಗ

ಕಾರು ಈಗ ಸಿರಿವಂತರ ಮನೆಯ ಆಡಂಬರವಾಗಿ ಉಳಿದಿಲ್ಲ. ಬಂಧುಗಳ ಮದುವೆಗೆ, ಮಗುವಿನ ಲಿಂಗದೀಕ್ಷೆಗೆ, ಕೂಡಲಸಂಗಮಕ್ಕೆ, ಸುತ್ತೂರಿನ ಜಾತ್ರೆಗೆ ಇಡೀ ಕುಟುಂಬ ಒಂದೇ ವಾಹನದಲ್ಲಿ ಹೊರಡುವುದು ನಮ್ಮ ಮಧ್ಯಮವರ್ಗದ ಮನೆಗಳಲ್ಲಿಯೂ ಸಾಮಾನ್ಯ ಸಂಗತಿಯಾಗಿದೆ. ಉಳವಿಯ ಜಾತ್ರೆಗೆ ಚಕ್ಕಡಿ ಕಟ್ಟಿಕೊಂಡು ಹೋಗುವ ಹಿರಿಯರು ಹೊರಡುವ ಮುನ್ನ ಗಾಲಿಯನ್ನು ಅಲುಗಿಸಿ ನೋಡಿ, ಅಚ್ಚಿಗೆ ಎಣ್ಣೆ ಹಾಕಿ, ಎತ್ತಿನ ಗೊರಸನ್ನು ಪರೀಕ್ಷಿಸಿಯೇ ಹೊರಡುತ್ತಾರೆ. ಚಕ್ಕಡಿಯ ಒಂದೊಂದು ಭಾಗವೂ ಅವರಿಗೆ ಪರಿಚಿತ. ಕಾರಿನ ವಿಷಯದಲ್ಲಿ ಮಾತ್ರ ನಾವು ಬಾನೆಟ್ ಎತ್ತುವುದಕ್ಕೂ ಅಂಜುತ್ತೇವೆ.

ಈ ಅಂಜಿಕೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಚಾಲಕನ ಮುಂದಿನ ಫಲಕದಲ್ಲಿ ಇಂಜಿನ್ನಿನ ಆಕಾರದ ಹಳದಿ ದೀಪ ಹೊತ್ತಿಕೊಂಡಾಗ. ಕೆಲವರು ವಾಹನವನ್ನು ನೇರವಾಗಿ ಗ್ಯಾರೇಜಿಗೆ ಒಯ್ದು, ಹೇಳಿದಷ್ಟು ಹಣ ತೆತ್ತು ಬರುತ್ತಾರೆ. ಇನ್ನು ಕೆಲವರು, ಗಾಡಿ ಓಡುತ್ತಿದೆಯಲ್ಲ ಎಂದು ತಿಂಗಳುಗಟ್ಟಲೆ ಅದನ್ನು ಕಂಡೂ ಕಾಣದಂತೆ ಇರುತ್ತಾರೆ. ಮೊದಲನೆಯವರಿಗೆ ಅನೇಕ ಸಲ ಅನಾವಶ್ಯಕ ಖರ್ಚು. ಎರಡನೆಯವರಿಗೆ ಒಮ್ಮೊಮ್ಮೆ ಅದಕ್ಕಿಂತ ದೊಡ್ಡ ನಷ್ಟ. ಆ ದೀಪವು ಏನನ್ನು ಹೇಳುತ್ತಿದೆ ಎಂಬುದನ್ನು ಸಹೋದರ ಸಹೋದರಿಯರು ಯಾರೇ ಆಗಲಿ ತಮ್ಮ ಮನೆಯಂಗಳದಲ್ಲಿಯೇ ಅರ್ಧ ಗಂಟೆಯಲ್ಲಿ ತಿಳಿದುಕೊಳ್ಳಬಹುದು. ಅನೇಕ ವೇಳೆ ದೋಷವನ್ನು ತಾವೇ ಸರಿಪಡಿಸಿಕೊಳ್ಳಲೂಬಹುದು.

ಈ ದೀಪ ಹುಟ್ಟಿದ್ದು ಇಂಜಿನ್ನನ್ನು ಕಾಪಾಡುವುದಕ್ಕಲ್ಲ, ಗಾಳಿಯನ್ನು ಕಾಪಾಡುವುದಕ್ಕೆ ಎಂಬುದು ಬಹಳ ಜನರಿಗೆ ತಿಳಿಯದು. ವಾಹನಗಳ ಹೊಗೆಯಿಂದ ಕಂಗೆಟ್ಟಿದ್ದ ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯವು, ಕಾರು ತನ್ನ ಹೊಗೆನಿಯಂತ್ರಣದ ದೋಷವನ್ನು ತಾನೇ ಗುರುತಿಸಿ ಚಾಲಕನಿಗೆ ತಿಳಿಸಬೇಕೆಂಬ ನಿಯಮವನ್ನು 1988ರ ಮಾದರಿಯ ಕಾರುಗಳಿಂದ ಜಾರಿಗೆ ತಂದಿತು. 1996ರ ಮಾದರಿಯಿಂದ ಅಮೆರಿಕದಲ್ಲಿ ಮಾರಾಟವಾಗುವ ಎಲ್ಲ ಕಾರುಗಳಿಗೂ ಒಂದೇ ಬಗೆಯ ಸಂಕೇತ, ಒಂದೇ ಬಗೆಯ ಜೋಡಣೆ ಕಡ್ಡಾಯವಾಯಿತು. ನಮ್ಮಲ್ಲಿ ಭಾರತ್ ಸ್ಟೇಜ್ 4ರ ನಿಯಮಗಳು 2010ರ ಏಪ್ರಿಲ್‌ನಲ್ಲಿ ಬೆಂಗಳೂರೂ ಸೇರಿದಂತೆ 13 ನಗರಗಳಿಗೆ ಬಂದವು. ಅದರೊಂದಿಗೇ ಈ ಸ್ವಪರೀಕ್ಷೆಯ ಮೊದಲ ಹಂತವೂ, 2013ರ ಏಪ್ರಿಲ್‌ನಿಂದ ಎರಡನೆಯ ಹಂತವೂ ಆರಂಭವಾದವು. 2017ರಲ್ಲಿ ಸ್ಟೇಜ್ 4 ದೇಶದಾದ್ಯಂತ ವ್ಯಾಪಿಸಿತು. 2020ರ ಏಪ್ರಿಲ್‌ನಿಂದ ಸ್ಟೇಜ್ 6 ಬಂದಿತು. ಆದುದರಿಂದ 2017ರ ಏಪ್ರಿಲ್ ನಂತರ ತಯಾರಾದ ಯಾವ ಕಾರಿನಲ್ಲಿಯೂ ಈ ಸೌಲಭ್ಯವಿದೆ ಎಂದು ನಂಬಬಹುದು. ದೀಪ ಹೊತ್ತಿದ್ದರೂ ಗಾಡಿ ಸೊಗಸಾಗಿ ಓಡುವುದರ ಗುಟ್ಟು ಇಲ್ಲಿದೆ. ಓಟಕ್ಕೆ ಬಾಧೆಯಿಲ್ಲದಿದ್ದರೂ ಹೊಗೆ ಮಿತಿ ಮೀರುವ ಸಂಭವವಿದ್ದರೆ ಸಾಕು, ದೀಪ ಹೊತ್ತುತ್ತದೆ.

ದಾರಿಯಲ್ಲಿ ದೀಪ ಕಂಡೊಡನೆ ಮೊದಲು ನೋಡಬೇಕಾದುದು ಅದು ಸ್ಥಿರವಾಗಿ ಉರಿಯುತ್ತಿದೆಯೋ, ಮಿನುಗುತ್ತಿದೆಯೋ ಎಂಬುದನ್ನು. ಸ್ಥಿರವಾಗಿದ್ದು, ಇಂಜಿನ್ನಿನ ಸದ್ದು ಎಂದಿನಂತೆಯೇ ಇದ್ದರೆ ನಿಧಾನವಾಗಿ ಊರು ಸೇರಬಹುದು. ಮಿನುಗುತ್ತಿದ್ದರೆ ಯಾವುದೋ ಒಂದು ಸಿಲಿಂಡರಿನಲ್ಲಿ ಇಂಧನ ಉರಿಯದೆ ಹಾಗೆಯೇ ಹೊರಹೋಗುತ್ತಿದೆ ಎಂದು ಅರ್ಥ. ಆ ಹಸಿ ಪೆಟ್ರೋಲು ಹೊಗೆಕೊಳವೆಯಲ್ಲಿರುವ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ ಶುದ್ಧಿಕಾರಕದೊಳಗೆ ಉರಿದು, ಅದನ್ನು ಕಾಯಿಸಿ ಕರಗಿಸಿಬಿಡಬಲ್ಲದು. ಪ್ಲಾಟಿನಮ್, ಪಲ್ಲಾಡಿಯಮ್, ರೋಡಿಯಮ್‌ಗಳಂಥ ಅಮೂಲ್ಯ ಲೋಹಗಳ ಲೇಪನವಿರುವ ಆ ಭಾಗವನ್ನು ಹೊಸದಾಗಿ ಹಾಕಿಸಲು ಹತ್ತಾರು ಸಾವಿರ ರೂಪಾಯಿ ಬೇಕು. ಆದ್ದರಿಂದ ಮಿನುಗುವ ದೀಪ ಕಂಡರೆ ಕಾಲಿನ ಒತ್ತಡ ಇಳಿಸಿ, ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಬೇಕು. ಎಣ್ಣೆಯ ಒತ್ತಡ ಮತ್ತು ಇಂಜಿನ್ನಿನ ಶಾಖವನ್ನು ಸೂಚಿಸುವ ಕೆಂಪು ದೀಪಗಳು ಬೇರೆ. ಅವು ಹೊತ್ತಿದರೆ ತಕ್ಷಣ ನಿಲ್ಲಿಸಿ ಇಂಜಿನ್ ಆರಿಸುವುದನ್ನು ಬಿಟ್ಟು ಬೇರೆ ವಿಚಾರವೇ ಇಲ್ಲ.

ಮನೆಗೆ ಬಂದ ಮೇಲೆ ಪರೀಕ್ಷೆ. ಸ್ಟಿಯರಿಂಗ್ ಚಕ್ರದ ಕೆಳಗೆ, ಚಾಲಕನ ಮೊಣಕಾಲಿನ ಆಸುಪಾಸಿನಲ್ಲಿ 16 ರಂಧ್ರಗಳ ಒಂದು ಜೋಡಣೆ ಇರುತ್ತದೆ. ಅದಕ್ಕೆ ಸಿಕ್ಕಿಸುವ ಸಣ್ಣ ಸಂಕೇತವಾಚಕ ಯಂತ್ರ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗಳಿಂದ ದೊರೆಯುತ್ತದೆ. ಅದು ಬ್ಲೂಟೂತ್ ಮೂಲಕ ಮೊಬೈಲಿಗೆ ಮಾಹಿತಿ ಕಳಿಸುತ್ತದೆ. ಕೀಲಿಯನ್ನು ತಿರುಗಿಸಿ ಓದಿಸಿದರೆ ‘ಪಿ 0301’ ಎಂಬಂತಹ ಒಂದು ಸಂಕೇತ ಕಾಣಿಸುತ್ತದೆ. ಮೊದಲಿನ ‘ಪಿ’ ಎಂದರೆ ಇಂಜಿನ್ ಮತ್ತು ಗೇರಿಗೆ ಸಂಬಂಧಿಸಿದ್ದು. ನಂತರದ ಸೊನ್ನೆ, ಎಲ್ಲ ಕಂಪನಿಗಳಿಗೂ ಸಮಾನವಾದ ಸಂಕೇತವೆಂಬುದಕ್ಕೆ ಗುರುತು. ಮುಂದಿನ 3, ಕಿಡಿಯ ವ್ಯವಸ್ಥೆ. ದೋಷ ಕಂಡ ಕ್ಷಣದಲ್ಲಿ ವೇಗ ಎಷ್ಟಿತ್ತು, ಇಂಜಿನ್ ಎಷ್ಟು ಕಾದಿತ್ತು ಎಂಬ ವಿವರವನ್ನೂ ಕಾರಿನ ಗಣಕ ಕಾದಿಟ್ಟಿರುತ್ತದೆ. ಸಂಕೇತವನ್ನೂ ಈ ವಿವರವನ್ನೂ ಮೊದಲು ಕಾಗದದ ಮೇಲೆ ಬರೆದಿಟ್ಟುಕೊಳ್ಳಬೇಕು. ಅಳಿಸುವ ಗುಂಡಿ ಪಕ್ಕದಲ್ಲಿಯೇ ಇದೆ ಎಂದು ಆತುರದಿಂದ ಒತ್ತಿದರೆ ಸಾಕ್ಷ್ಯವೆಲ್ಲ ನಾಶವಾಗುತ್ತದೆ.

ಸಂಕೇತವು ಕೆಟ್ಟ ಭಾಗದ ಹೆಸರಲ್ಲ ಎಂಬುದು ಈ ಇಡೀ ವಿಷಯದ ಜೀವಾಳ. ಜ್ವರವೆಂಬುದು ರೋಗದ ಲಕ್ಷಣವೇ ಹೊರತು ರೋಗದ ಹೆಸರಲ್ಲವಷ್ಟೆ. ಪಿ 0301 ಎಂದರೆ ‘ಒಂದನೆಯ ಸಿಲಿಂಡರಿನಲ್ಲಿ ಉರಿ ತಪ್ಪುತ್ತಿದೆ’ ಎಂದಷ್ಟೇ. ಕಾರಣ ಸ್ಪಾರ್ಕ್ ಪ್ಲಗ್ ಇರಬಹುದು, ಅದಕ್ಕೆ ವಿದ್ಯುತ್ ಕೊಡುವ ಕಾಯಿಲ್ ಇರಬಹುದು, ಇಂಧನ ಸಿಂಪಡಿಸುವ ಇಂಜೆಕ್ಟರ್ ಇರಬಹುದು. ಇಲ್ಲಿಯೇ ಗೃಹಸ್ಥನ ಜೇಬಿಗೆ ಕತ್ತರಿ ಬೀಳುವುದು: ಪ್ಲಗ್ಗುಗಳನ್ನೆಲ್ಲ, ಕಾಯಿಲ್‌ಗಳನ್ನೆಲ್ಲ ಒಟ್ಟಿಗೆ ಬದಲಿಸಿದರೆ ಯಾವುದೋ ಒಂದರಿಂದ ಸರಿಹೋಗುತ್ತದೆ.

ಇದಕ್ಕೆ ಬದಲಾಗಿ ಒಂದು ಪೈಸೆಯ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಈಗಿನ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಪ್ರತಿ ಸಿಲಿಂಡರಿನ ಮೇಲೂ ಒಂದೊಂದು ಕಾಯಿಲ್ ಕುಳಿತಿರುತ್ತದೆ. ಇಂಜಿನ್ ಪೂರ್ತಿ ತಣ್ಣಗಾದ ಮೇಲೆ, ಕೀಲಿ ತೆಗೆದು, ಒಂದನೆಯ ಕಾಯಿಲ್‌ನ ತಂತಿಯ ಕೊಂಡಿಯನ್ನು ಮೆಲ್ಲಗೆ ಒತ್ತಿ ಬಿಡಿಸಬೇಕು. ಹಳೆಯ ಪ್ಲಾಸ್ಟಿಕ್ ಹಪ್ಪಳದಂತೆ ಮುರಿಯುತ್ತದೆಯಾದ್ದರಿಂದ ಬಲಪ್ರಯೋಗ ಸಲ್ಲದು. ಬೋಲ್ಟ್ ಸಡಿಲಿಸಿ ಕಾಯಿಲನ್ನು ನೇರವಾಗಿ ಮೇಲೆತ್ತಿ, ಅದನ್ನು ಮೂರನೆಯ ಸಿಲಿಂಡರಿಗೂ ಮೂರನೆಯದನ್ನು ಒಂದನೆಯದಕ್ಕೂ ಹಾಕಬೇಕು. ಈಗ ಸಂಕೇತವನ್ನು ಅಳಿಸಿ ಇಂಜಿನ್ನನ್ನು ಕೆಲವೇ ನಿಮಿಷ ಓಡಿಸಿ ಮತ್ತೆ ಓದಬೇಕು. ಸಂಕೇತ ಪಿ 0303 ಎಂದು ಬದಲಾಗಿದ್ದರೆ ದೋಷವು ಕಾಯಿಲ್‌ನ ಜೊತೆಯಲ್ಲಿಯೇ ಸ್ಥಳ ಬದಲಿಸಿತು. ಆ ಒಂದು ಕಾಯಿಲ್ ತಂದು ಹಾಕಿದರೆ ಕೆಲಸ ಮುಗಿಯಿತು. ಪಿ 0301 ಹಾಗೆಯೇ ಉಳಿದರೆ ಕಾಯಿಲ್ ನಿರ್ದೋಷಿ; ಇದೇ ಕ್ರಮದಲ್ಲಿ ಪ್ಲಗ್ಗುಗಳನ್ನು ಅದಲುಬದಲು ಮಾಡಿ ನೋಡಬೇಕು. ಪ್ಲಗ್ಗಿನ ತುದಿ ತಿಳಿಕಂದು ಬಣ್ಣದಲ್ಲಿದ್ದರೆ ಆರೋಗ್ಯ, ಕಪ್ಪು ಮಸಿ ಹಿಡಿದಿದ್ದರೆ ಅನಾರೋಗ್ಯ. ಮರಳಿ ಹಾಕುವಾಗ ಮೊದಲ ಕೆಲವು ಸುತ್ತುಗಳನ್ನು ಬರಿಗೈಯಿಂದಲೇ ತಿರುಗಿಸಬೇಕು; ಅಲ್ಯೂಮಿನಿಯಮ್ಮಿನ ಮರೆ ಕೆಟ್ಟರೆ ದುಬಾರಿ ದುರಸ್ತಿ. ಎರಡರಿಂದಲೂ ದೋಷ ಕದಲದಿದ್ದರೆ ಇಂಜೆಕ್ಟರ್ ಅಥವಾ ಇಂಜಿನ್ನಿನ ಒಳಗಿನ ಒತ್ತಡವನ್ನು ಪರೀಕ್ಷಿಸಬೇಕಾಗುತ್ತದೆ. ಅದು ಗ್ಯಾರೇಜಿನ ಕೆಲಸ.

ಪಿ 0420 ಎಂಬ ಸಂಕೇತಕ್ಕೆ ವಿಶೇಷ ಎಚ್ಚರ ಬೇಕು. ಶುದ್ಧಿಕಾರಕವು ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದು ಅದರ ಅರ್ಥವಾದ್ದರಿಂದ, ಓದಿದೊಡನೆ ಹೊಸ ಕನ್ವರ್ಟರಿಗೆ ದರ ಹೇಳುವವರುಂಟು. ಹೊಗೆಕೊಳವೆಯಲ್ಲಿ ಸೋರಿಕೆಯಿದ್ದರೂ, ಅಲ್ಲಿನ ಆಮ್ಲಜನಕ ಸೆನ್ಸರ್ ಬಳಲಿದ್ದರೂ ಇದೇ ಸಂಕೇತ ಬರಬಲ್ಲದು. ಈ ಎರಡನ್ನೂ ಮೊದಲು ಪರೀಕ್ಷಿಸಿ ಎಂದು ಕೇಳುವ ಹಕ್ಕು ಮಾಲೀಕನಿಗಿದೆ. ಗಾಳಿ ಹೆಚ್ಚಾಗಿ ಇಂಧನ ಕಡಿಮೆಯಾಗಿದೆ ಎಂದು ಸಾರುವ ಪಿ 0171 ಬಂದರೆ, ಗಾಳಿಯ ಫಿಲ್ಟರಿನಿಂದ ಇಂಜಿನ್ನಿಗೆ ಹೋಗುವ ರಬ್ಬರ್ ಕೊಳವೆಗಳಲ್ಲಿ ಬಿರುಕನ್ನು ಹುಡುಕಬೇಕು. ಎಷ್ಟೋ ಸಲ ಸರ್ವಿಸಿನ ನಂತರ ಸಡಿಲವಾಗಿ ಬಿಟ್ಟ ಒಂದು ಕ್ಲಿಪ್ಪೇ ಕಾರಣವಾಗಿರುತ್ತದೆ.

ಅಮೆರಿಕದ ಪುಸ್ತಕಗಳಲ್ಲಿ ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಸಡಿಲವಾಗಿರುವುದು ಮೊದಲ ಕಾರಣವೆಂದು ಹೇಳಿರುತ್ತದೆ. ನಮ್ಮ ಮನೆಗಳಲ್ಲಿ ಮುಚ್ಚಳಕ್ಕಿಂತ ಮೊದಲು ಇಲಿಯನ್ನು ಸಂಶಯಿಸುವುದು ಲೇಸು. ರಾತ್ರಿ ಬೆಚ್ಚಗಿರುವ ಇಂಜಿನ್ನಿನ ಬಳಿ ಸೇರಿದ ಇಲಿ ಸೆನ್ಸರಿನ ತಂತಿಯನ್ನು ಕಡಿದರೆ ಗಣಕವು ಸೆನ್ಸರ್ ಕೆಟ್ಟಿತೆಂದೇ ದೂರುತ್ತದೆ. ಬಾನೆಟ್ ತೆರೆದು ಟಾರ್ಚ್ ಹಿಡಿದು ನೋಡಿದರೆ ಹಿಕ್ಕೆ, ಕಡಿದ ತಂತಿ ಎರಡೂ ಕಾಣುತ್ತವೆ. ಶಕ್ತಿಗುಂದಿದ ಬ್ಯಾಟರಿಯೂ ಒಂದಕ್ಕೊಂದು ಸಂಬಂಧವಿಲ್ಲದ ಸಂಕೇತಗಳನ್ನು ಹುಟ್ಟಿಸುತ್ತದೆ. ಕಾರು ಕೆಲವು ಗಂಟೆ ನಿಂತಿದ್ದಾಗ ಸುಮಾರು 12.6 ವೋಲ್ಟ್, ಓಡುತ್ತಿರುವಾಗ ಸುಮಾರು 14 ವೋಲ್ಟ್ ಇರಬೇಕು. ಸ್ಟೇಜ್ 6ರ ಡೀಸೆಲ್ ಕಾರನ್ನು ಪೇಟೆಯೊಳಗಿನ ಎರಡು ಮೂರು ಕಿಲೋಮೀಟರಿಗಷ್ಟೇ ಬಳಸುವವರಲ್ಲಿ ಮಸಿ ತಡೆಯುವ ಫಿಲ್ಟರ್ ಕಟ್ಟಿಕೊಳ್ಳುತ್ತದೆ. ಕಾರಿನ ಕೈಪಿಡಿಯಲ್ಲಿ ಹೇಳಿದಂತೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ಒಂದೇ ವೇಗದಲ್ಲಿ ಓಡಿಸಿದರೆ ಆ ಮಸಿ ತಾನಾಗಿ ಉರಿದುಹೋಗುತ್ತದೆ. ಹೈಬ್ರಿಡ್ ಕಾರುಗಳಲ್ಲಿನ ಕಿತ್ತಳೆ ಬಣ್ಣದ ದಪ್ಪ ತಂತಿಗಳನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಕೂಡದು. ಅವುಗಳಲ್ಲಿ ಹರಿಯುವ ವಿದ್ಯುತ್ತು ಪ್ರಾಣಾಂತಿಕ.

ಇಷ್ಟೆಲ್ಲ ಓದಿದ ಮೇಲೆ, ಮೆಕ್ಯಾನಿಕ್‌ಗಳೆಲ್ಲ ಮೋಸಗಾರರೆಂಬ ಭಾವನೆ ಯಾರಿಗೂ ಬರಬಾರದು. ಅಂಬಿಗರ ಚೌಡಯ್ಯ, ಮೇದರ ಕೇತಯ್ಯ, ವೈದ್ಯ ಸಂಗಣ್ಣ ಮೊದಲಾದ ಶರಣರು ತಮ್ಮ ಕಾಯಕದ ಹೆಸರಿನಿಂದಲೇ ಗೌರವ ಪಡೆದ ಪರಂಪರೆ ನಮ್ಮದು. ಕೈಗೆ ಗ್ರೀಸು ಮೆತ್ತಿಕೊಂಡು ದುಡಿಯುವವನದೂ ಕಾಯಕವೇ. ತಪ್ಪಿನಲ್ಲಿ ನಮ್ಮ ಪಾಲೂ ಇದೆ. ಒಬ್ಬ ನಿಪುಣ ಮೆಕ್ಯಾನಿಕ್ ಎರಡು ಗಂಟೆ ಹುಡುಕಿ ಒಂದು ತುಂಡಾದ ತಂತಿಯನ್ನು ಬೆಸೆದುಕೊಟ್ಟರೆ, ‘ತಂತಿ ಜೋಡಿಸಿದ್ದಕ್ಕೆ ಇಷ್ಟು ಹಣವೇ?’ ಎಂದು ಚೌಕಾಸಿ ಮಾಡುತ್ತೇವೆ. ಅದೇ ಒಂದು ಹೊಸ ಸೆನ್ಸರಿನ ಬಿಲ್ಲು ಕೊಟ್ಟರೆ ಮಾತಿಲ್ಲದೆ ತೆರುತ್ತೇವೆ. ಹುಡುಕುವ ಬುದ್ಧಿಗೆ ಕೂಲಿ ಕೊಡದಿದ್ದರೆ ಅವನು ಬಿಡಿಭಾಗಗಳನ್ನು ಮಾರಿಯೇ ಬದುಕಬೇಕಾಗುತ್ತದೆ. ಬರೆದಿಟ್ಟುಕೊಂಡ ಸಂಕೇತದ ಚೀಟಿಯನ್ನು ಅವನ ಕೈಗೆ ಕೊಟ್ಟು, ‘ಕಾರಣ ಕಂಡುಹಿಡಿಯುವ ಕೂಲಿಯನ್ನು ಬೇರೆ ಕೊಡುತ್ತೇನೆ, ಬದಲಿಸುವ ಮುನ್ನ ತಿಳಿಸಪ್ಪ’ ಎಂದು ಹೇಳಿದರೆ ವ್ಯವಹಾರದ ಬಗೆಯೇ ಬೇರೆಯಾಗುತ್ತದೆ.

ದೋಷ ನಿಜವಾಗಿ ಸರಿಯಾಗಿದ್ದರೆ ಸಂಕೇತವನ್ನು ಅಳಿಸುವ ಅಗತ್ಯವೂ ಇಲ್ಲ. ಸತತ ಮೂರು ಓಟಗಳ ಪರೀಕ್ಷೆಯಲ್ಲಿ ದೋಷ ಕಾಣದಿದ್ದರೆ ದೀಪ ತಾನಾಗಿ ಆರುತ್ತದೆ. ಸಾಮಾನ್ಯವಾಗಿ 40 ಸಲ ಇಂಜಿನ್ ಕಾದು ತಣಿದ ಬಳಿಕ ಸಂಕೇತವೂ ನೆನಪಿನಿಂದ ಅಳಿಯುತ್ತದೆ. ಹಳೆಯ ಕಾರು ಕೊಳ್ಳುವವರಿಗೆ ಈ ತಿಳಿವಳಿಕೆ ಬಹಳ ಉಪಯುಕ್ತ. ಮಾರುವ ಹಿಂದಿನ ದಿನ ಸಂಕೇತವನ್ನು ಅಳಿಸಿ ದೀಪವಾರಿಸಿ ತೋರಿಸುವ ವಂಚನೆ ಉಂಟು. ಕೀಲಿಯನ್ನು ಮೊದಲ ಸಲ ತಿರುಗಿಸಿದಾಗ ಇಂಜಿನ್ ದೀಪ ಹೊತ್ತಿ, ಇಂಜಿನ್ ಚಾಲೂ ಆದ ಮೇಲೆ ಆರಬೇಕು. ಹೊತ್ತದೇ ಇದ್ದರೆ ಆ ದೀಪವನ್ನೇ ನಿಷ್ಕ್ರಿಯಗೊಳಿಸಿರುವ ಸಂಶಯಕ್ಕೆ ಎಡೆಯುಂಟು. ಸಂಕೇತವಾಚಕವನ್ನು ಸಿಕ್ಕಿಸಿದಾಗ ಯಾವ ಸಂಕೇತವೂ ಇಲ್ಲದೆ, ಸ್ವಪರೀಕ್ಷೆಗಳಲ್ಲಿ ಬಹುಪಾಲು ‘ಅಪೂರ್ಣ’ ಎಂದು ತೋರಿಸಿದರೆ ನೆನಪನ್ನು ಇತ್ತೀಚೆಗಷ್ಟೇ ಅಳಿಸಲಾಗಿದೆ, ಇಲ್ಲವೆ ಬ್ಯಾಟರಿಯನ್ನು ಬಿಚ್ಚಲಾಗಿದೆ. ಅಂತಹ ಕಾರಿಗೆ ಮುಂಗಡ ಕೊಡುವ ಮುನ್ನ ಒಂದೆರಡು ದಿನ ಓಡಿಸಿ ಮತ್ತೆ ಓದಿ ನೋಡಲು ಮಾರುವವರನ್ನು ಕೇಳಬೇಕು. ಒಪ್ಪದಿದ್ದರೆ ಬೇರೊಂದು ಕಾರನ್ನು ನೋಡುವುದು.